ಬೆಟ್ಟಕ್ಕೆ ಗುರಿಯಿಟ್ಟ ಮೈದಾನ
ಕೆನಡಾದ ಜಾಸ್ಪರ್ ಗಾಲ್ಫ್ ಮೈದಾನದ ನೂರು ವರ್ಷ

ಜಾಸ್ಪರ್ ಗಾಲ್ಫ್ ಮೈದಾನದ ಹುಟ್ಟಿಗೆ ಆಟದ ಮೋಹಕ್ಕಿಂತ ರೈಲ್ವೆಯ ಸಾಲವೇ ದೊಡ್ಡ ಕಾರಣ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಕೆನಡಾದ ರಾಕಿ ಪರ್ವತಗಳ ಯೆಲ್ಲೋಹೆಡ್ ಕಣಿವೆಯಲ್ಲಿ ಎರಡು ಖಾಸಗಿ ಕಂಪನಿಗಳು ಪೈಪೋಟಿಗೆ ಬಿದ್ದು ಅಕ್ಕಪಕ್ಕದಲ್ಲೇ ಹಳಿ ಹಾಸಿದವು. ಒಂದು ಗ್ರ್ಯಾಂಡ್ ಟ್ರಂಕ್ ಪೆಸಿಫಿಕ್, ಇನ್ನೊಂದು ಕೆನೆಡಿಯನ್ ನಾರ್ದರ್ನ್. ಒಂದು ಹಳಿಗೇ ಸಾಲುವಷ್ಟು ಸರಕಾಗಲಿ ಜನರಾಗಲಿ ಇಲ್ಲದ ಸೀಮೆಯದು. ಗ್ರ್ಯಾಂಡ್ ಟ್ರಂಕ್‌ನ ಮುಖ್ಯಸ್ಥ ಚಾರ್ಲ್ಸ್ ಹೇಸ್ ದಾರಿಯುದ್ದಕ್ಕೂ ಭವ್ಯ ಹೋಟೆಲುಗಳನ್ನು ಕಟ್ಟುವ ಕನಸು ಕಂಡವರು. 1912ರಲ್ಲಿ ಟೈಟಾನಿಕ್ ಹಡಗಿನೊಂದಿಗೆ ಅವರೂ ಮುಳುಗಿದರು. ಆಮೇಲೆ ಮಹಾಯುದ್ಧ ಬಂತು. ಜೋಡಿ ಹಳಿಗಳಲ್ಲಿ ಒಂದನ್ನು ಕಿತ್ತು ಫ್ರಾನ್ಸಿನ ರಣರಂಗಕ್ಕೆ ಸಾಗಿಸಿದರು. ಯುದ್ಧ ಮುಗಿಯುವ ಹೊತ್ತಿಗೆ ಎರಡು ಕಂಪನಿಗಳೂ ದಿವಾಳಿಯ ಅಂಚಿಗೆ ಬಂದಿದ್ದವು. ಸರ್ಕಾರ ಎರಡನ್ನೂ ವಹಿಸಿಕೊಂಡು, ಬೇರೆ ಕೆಲವು ಮಾರ್ಗಗಳನ್ನೂ ಸೇರಿಸಿ, 1923ರ ವೇಳೆಗೆ ಕೆನೆಡಿಯನ್ ನ್ಯಾಷನಲ್ ರೈಲ್ವೇಸ್ ಎಂಬ ಒಂದೇ ಸಂಸ್ಥೆ ಮಾಡಿತು.

ಹೊಸ ಸಂಸ್ಥೆಯ ಹೊರೆಯನ್ನು ಹೊತ್ತವರು ಸರ್ ಹೆನ್ರಿ ಥಾರ್ನ್‌ಟನ್. ಅಮೆರಿಕದಲ್ಲಿ ಹುಟ್ಟಿ, ಇಂಗ್ಲೆಂಡಿನಲ್ಲಿ ರೈಲ್ವೆ ನಡೆಸಿ ಹೆಸರು ಮಾಡಿದ್ದ ಅವರು 1922ರಲ್ಲಿ ಅಧ್ಯಕ್ಷರಾದರು. ಓಡುವ ರೈಲಿನಲ್ಲಿ ಪ್ರಯಾಣಿಕರಿಗೆ ರೇಡಿಯೋ ಕೇಳಿಸಿದ್ದು ಅವರ ಕಾಲದಲ್ಲೇ. ಎದುರಾಳಿ ಕೆನೆಡಿಯನ್ ಪೆಸಿಫಿಕ್ ಕಂಪನಿಗೆ ದಕ್ಷಿಣದ ಬ್ಯಾನ್ಫ್‌ನಲ್ಲಿ 1888ರಿಂದಲೇ ಕೋಟೆಯಂಥ ಹೋಟೆಲಿತ್ತು, ಬಿಸಿನೀರಿನ ಬುಗ್ಗೆಗಳಿದ್ದವು, ಗಾಲ್ಫ್ ಕೂಡ ಇತ್ತು. ಥಾರ್ನ್‌ಟನ್ ಅವರ ಕೈಯಲ್ಲಿದ್ದದ್ದು ಜಾಸ್ಪರ್‌ನ ಲ್ಯಾಕ್ ಬೋವೇರ್ ಎಂಬ ಸರೋವರದ ದಡ ಮಾತ್ರ. ಆ ದಡದಲ್ಲಿ 1915ರಲ್ಲಿ ಪ್ರವಾಸಿಗರಿಗಾಗಿ ಡೇರೆಗಳನ್ನು ಹಾಕಿದ್ದರು. ಯುದ್ಧದಲ್ಲಿ ನಿಂತುಹೋಗಿದ್ದ ಆ ಡೇರೆಗಳ ಊರು ಮತ್ತೆ ಶುರುವಾದ ಮೇಲೆ ರೈಲ್ವೆ ಅದನ್ನು ಕೊಂಡು, ಮರದ ದಿಮ್ಮಿಗಳ ಬಂಗಲೆಗಳನ್ನು ಕಟ್ಟಿ, 1922ರ ಬೇಸಿಗೆಯಲ್ಲಿ ಜಾಸ್ಪರ್ ಪಾರ್ಕ್ ಲಾಜ್ ಎಂದು ತೆರೆಯಿತು. ಬಂದವರು ನಾಲ್ಕು ದಿನ ಉಳಿಯಬೇಕಾದರೆ ಅವರಿಗೆ ಏನಾದರೂ ಮಾಡಲು ಇರಬೇಕಲ್ಲ? ಮೈದಾನದ ಯೋಚನೆ ಹುಟ್ಟಿದ್ದು ಹೀಗೆ. ಇದನ್ನು ಇಷ್ಟು ಬಿಚ್ಚಿ ಹೇಳುವುದಕ್ಕೆ ಕಾರಣವಿದೆ. ಇಂಥ ಸಂಸ್ಥೆಗಳ ಚರಿತ್ರೆಯನ್ನು ಕ್ರೀಡಾಪ್ರೇಮದಿಂದ ಆರಂಭಿಸುವ ರೂಢಿ ನಮ್ಮಲ್ಲಿದೆ. ಜಾಸ್ಪರ್‌ನ ಮಟ್ಟಿಗೆ ಅದು ನಿಜವಲ್ಲ. ಇಲ್ಲಿ ಆಟಕ್ಕಿಂತ ಮುಂಚೆ ಮಾರಾಟಕ್ಕಿಟ್ಟದ್ದು ನೋಟವನ್ನು.

ಆ ನೋಟವನ್ನೇ ಆಟವಾಗಿ ಕಟ್ಟಿಕೊಟ್ಟವರು ಸ್ಟ್ಯಾನ್ಲಿ ಥಾಂಪ್ಸನ್. 1893ರಲ್ಲಿ ಹುಟ್ಟಿದವರು. ಟೊರಾಂಟೋದಲ್ಲಿ ಕ್ಯಾಡಿಗಳಾಗಿ ಚೀಲ ಹೊತ್ತು ಆಟ ಕಲಿತ ಐವರು ಅಣ್ಣತಮ್ಮಂದಿರಲ್ಲಿ ಒಬ್ಬರು. ಯುದ್ಧದಲ್ಲಿ ಫಿರಂಗಿ ದಳದಲ್ಲಿದ್ದು ಹಿಂದಿರುಗಿದ ಮೇಲೆ ಗಾಲ್ಫ್ ಮೈದಾನಗಳನ್ನು ರೂಪಿಸುವುದನ್ನೇ ವೃತ್ತಿ ಮಾಡಿಕೊಂಡರು. ಜಾಸ್ಪರ್ ಕೆಲಸ ಕೈಗೆ ಬಂದಾಗ ಅವರಿಗೆ ಮೂವತ್ತು ದಾಟಿತ್ತಷ್ಟೆ. ಸಮುದ್ರತಟದ ಮರಳುದಿಬ್ಬಗಳ ಮೇಲೆ ಸ್ಕಾಟ್ಲೆಂಡಿನಲ್ಲಿ ಬೆಳೆದ ಆಟವನ್ನು ಕಾಡು, ಬಂಡೆ, ಹಿಮನದಿ ತಂದೊಟ್ಟಿದ ಜಲ್ಲಿ ತುಂಬಿದ ಪರ್ವತಕಣಿವೆಗೆ ತರುವುದು ಹೇಗೆ ಎಂಬುದಕ್ಕೆ ಆಗ ಸಿದ್ಧ ಮಾದರಿ ಇರಲಿಲ್ಲ.

1924ರಲ್ಲಿ ಕೆಲಸ ಶುರುವಾಯಿತು. ಸುಮಾರು ಇನ್ನೂರು ಮಂದಿ ಕೂಲಿಗಳು, ಐವತ್ತು ಜೋಡಿ ಕುದುರೆಗಳು. ಪೈನ್ ಮರಗಳನ್ನು ಕಡಿದು ಬುಡ ಕೀಳಬೇಕು, ಬಂಡೆಗಳನ್ನು ಒಡೆದು ಎಳೆದು ಹಾಕಬೇಕು. ಕಣಿವೆಯ ನೆಲದಲ್ಲಿ ಹುಲ್ಲು ಹಿಡಿಯುವಷ್ಟು ಮಣ್ಣಿಲ್ಲ. ಹಾಗಾಗಿ ಫಲವತ್ತಾದ ಮೇಲ್ಮಣ್ಣನ್ನು ರೈಲಿನಲ್ಲಿ ವ್ಯಾಗನ್‌ಗಟ್ಟಲೆ ತರಿಸಿದರು. ಇಂದು ಆಟಗಾರರ ಕಾಲಡಿ ಮೆತ್ತಗೆ ಅಮರುವ ಹಸಿರಿನ ಕೆಳಗಿರುವುದು ಆ ಹೊತ್ತು ತಂದ ಮಣ್ಣು. ಮಣ್ಣು ಹರಡಿದ ಆ ಇನ್ನೂರು ಮಂದಿಯ ಹೆಸರುಗಳು ಯಾವ ಫಲಕದ ಮೇಲೂ ನನಗೆ ಕಾಣಲಿಲ್ಲ. ಥಾಂಪ್ಸನ್ ಅವರ ಹೆಸರು ಎಲ್ಲೆಲ್ಲೂ ಇದೆ, ಇರಬೇಕಾದದ್ದೇ. ಆದರೆ ನೂರನೆಯ ವರ್ಷದ ನೆನಪಿನಲ್ಲಿ ಕುದುರೆಗಳ ಲೆಕ್ಕ ಉಳಿದು ಮನುಷ್ಯರ ಹೆಸರು ಅಳಿದುಹೋದದ್ದು ನನ್ನನ್ನು ನೋಯಿಸುತ್ತದೆ.

ಹದಿನೆಂಟು ಹೋಲ್‌ಗಳ ಮೈದಾನ 1925ರಲ್ಲಿ ಆಟಕ್ಕೆ ತೆರೆಯಿತು.

ಥಾಂಪ್ಸನ್ ಮಾಡಿದ್ದೇನು ಎಂಬುದನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು. ಬೆಟ್ಟಗಳ ನಡುವೆ ಮೈದಾನ ಮಾಡಿದವರು ಬೇಕಾದಷ್ಟು ಜನ. ಅಂಥ ಬಹಳಷ್ಟು ಕಡೆ ಬೆಟ್ಟಗಳು ಗೋಡೆಗೆ ತೂಗುಹಾಕಿದ ಚಿತ್ರದಂತೆ ಸುಮ್ಮನೆ ಸುತ್ತ ನಿಂತಿರುತ್ತವೆ. ಜಾಸ್ಪರ್‌ನಲ್ಲಿ ಅವು ಆಟದೊಳಗೇ ಇವೆ. ಟೀ, ಅಂದರೆ ಮೊದಲ ಹೊಡೆತದ ಕಟ್ಟೆಯ ಮೇಲೆ ನಿಂತು ಗುರಿ ನೋಡಿದರೆ ಫೇರ್‌ವೇಯ ಆಚೆ ಕಣ್ಣಳತೆಗೆ ಸರಿಯಾಗಿ ಒಂದು ಶಿಖರ ಎದ್ದಿರುತ್ತದೆ. ಒಂದು ಕಡೆ ಪಿರಮಿಡ್ ಬೆಟ್ಟ, ಇನ್ನೊಂದು ಕಡೆ ಮಲಗಿದ ಮುದುಕನ ಮೋರೆಯಂತೆ ಕಾಣುವ ಓಲ್ಡ್ ಮ್ಯಾನ್, ಮತ್ತೊಂದು ತಿರುವಿನಲ್ಲಿ ಟೆಕಾರ. ಬಿಸಿಲು ಬಿದ್ದ ದಿನ ದೂರದಲ್ಲಿ ಹಿಮ ಹೊದ್ದ ಎಡಿತ್ ಕ್ಯಾವೆಲ್. 3,363 ಮೀಟರ್ ಎತ್ತರದ ಅದಕ್ಕೆ 1915ರಲ್ಲಿ ಜರ್ಮನ್ನರು ಗುಂಡಿಕ್ಕಿ ಕೊಂದ ಇಂಗ್ಲಿಷ್ ದಾದಿಯ ಹೆಸರು. ಆಡುವವನು ಆ ಶಿಖರವನ್ನೇ ಗುರುತಾಗಿ ಇಟ್ಟುಕೊಂಡು ಚೆಂಡು ಹೊಡೆಯಬೇಕು. ಬಂಕರ್‌ಗಳೆಂಬ ಮರಳುಗುಂಡಿಗಳ ಅಂಚನ್ನೂ ಥಾಂಪ್ಸನ್ ಹಾಗೆಯೇ ಕೊರೆದರು. ಮೇಲೆ ಬೆಟ್ಟದ ಸಾಲು ಎಲ್ಲಿ ಏರುತ್ತದೋ, ಎಲ್ಲಿ ಹಿಮದ ತೇಪೆ ಇಳಿಯುತ್ತದೋ, ಕೆಳಗೆ ಬಿಳಿ ಮರಳಿನ ಅಂಚು ಅದೇ ವಂಕಿಯಲ್ಲಿ ಏರಿ ಇಳಿಯುತ್ತದೆ.

ಇದರಿಂದ ಆಟಕ್ಕೆ ಒಂದು ಕಷ್ಟ ಬಂದು ಸೇರುತ್ತದೆ. ಹಿಂದೆ ಅಷ್ಟು ದೊಡ್ಡ ಬೆಟ್ಟ ನಿಂತಿರುವಾಗ ಮುಂದಿರುವ ಗ್ರೀನ್, ಅಂದರೆ ಕುಳಿಯಿರುವ ನುಣುಪು ಹುಲ್ಲುಹಾಸು, ಹತ್ತಿರವೇ ಇದ್ದಂತೆ ಕಾಣುತ್ತದೆ. ಕಣ್ಣು ನೂರೈವತ್ತು ಗಜ ಎನ್ನುತ್ತದೆ, ಅಳತೆಯ ಕಲ್ಲು ಇನ್ನೂ ಹೆಚ್ಚು ಹೇಳುತ್ತದೆ. ಸಾವಿರ ಮೀಟರ್ ಮೀರಿದ ಎತ್ತರದ ತೆಳುಗಾಳಿಯಲ್ಲಿ ಚೆಂಡು ಕೊಂಚ ಹೆಚ್ಚು ದೂರ ಹೋಗುವುದೂ ನಿಜವೇ. ಹೀಗೆ ಎರಡು ತಪ್ಪು ಲೆಕ್ಕಗಳು ಒಂದನ್ನೊಂದು ಎಳೆಯುತ್ತಿರುತ್ತವೆ. ಪಳಗಿದ ಆಟಗಾರರು ಇಲ್ಲಿ ಮೊದಲ ಕೆಲವು ಹೋಲ್‌ಗಳಲ್ಲಿ ಮರಳಿಗೆ ಬೀಳುವುದಕ್ಕೆ ಕೈಯ ಕಸುವಿಗಿಂತ ಕಣ್ಣಿನ ನಂಬಿಕೆಯೇ ಕಾರಣ.

ಒಂಬತ್ತನೆಯ ಹೋಲ್ ಅನ್ನು ಹತ್ತಿರದಿಂದ ನೋಡೋಣ. ಹೆಸರು ಕ್ಲಿಯೋಪಾತ್ರಾ. ಇನ್ನೂರು ಗಜ ಮೀರಿದ, ಮೂರು ಹೊಡೆತದ ಹೋಲ್. ಟೀ ಮೇಲೆ, ಗ್ರೀನ್ ಕೆಳಗೆ. ಗ್ರೀನ್‌ನ ನೇರ ಹಿಂದೆ ಪಿರಮಿಡ್ ಬೆಟ್ಟ. ಥಾಂಪ್ಸನ್ ಮೊದಲು ಮಾಡಿದಾಗ ಇಲ್ಲಿನ ದಿಬ್ಬಗಳು ಮಲಗಿದ ಹೆಂಗಸಿನ ಮೈಮಾಟವನ್ನು ಎದ್ದು ಕಾಣುವಂತೆ ಹೋಲುತ್ತಿದ್ದವು, ಥಾರ್ನ್‌ಟನ್ ಅದನ್ನು ನೋಡಿ ಕೆರಳಿ ತಿದ್ದಿಸಿದರು ಎಂಬ ಕಥೆ ಅಂದಿನಿಂದ ಬಾಯಿಂದ ಬಾಯಿಗೆ ಬಂದಿದೆ. ಹೆಸರು ಮಾತ್ರ ಉಳಿದುಕೊಂಡಿತು. ಅಲ್ಲಿ ನಿಂತಾಗ ನನ್ನ ಮನಸ್ಸನ್ನು ಹಿಡಿದದ್ದು ಆ ಕಥೆಯಲ್ಲ. ಚೆಂಡು ಮೇಲೇರಿದಾಗ ಮೊದಲು ಆಕಾಶದ ಎದುರು ಕಾಣುತ್ತದೆ, ಆಮೇಲೆ ಬೆಟ್ಟದ ಕೆಂಪುಬೂದು ಬಂಡೆಯ ಎದುರು, ಆಮೇಲೆ ಪೈನ್ ಮರಗಳ ಕಡು ಹಸಿರಿನಲ್ಲಿ ಕಣ್ಮರೆಯಾಗಿ, ಕೊನೆಗೆ ಗ್ರೀನ್ ಮೇಲೆ ಬಿದ್ದ ಮೇಲೆಯೇ ಮತ್ತೆ ಸಿಗುತ್ತದೆ. ಇಳಿಜಾರಿನ ಉದ್ದ ಹೋಲ್ ಆದ್ದರಿಂದ ಗಾಳಿಯಲ್ಲಿ ಅದು ಬಹಳ ಹೊತ್ತು ಇರುತ್ತದೆ. ಅಷ್ಟು ಹೊತ್ತೂ ಆಟಗಾರ ತಲೆ ಎತ್ತಿ ಬೆಟ್ಟವನ್ನು ನೋಡಲೇಬೇಕು. ನೋಡದೆ ಇರಲು ಬಿಡದ ಹಾಗೆ ಹೋಲ್ ಕಟ್ಟಿದ್ದಾರೆ. ಇದು ದೊಡ್ಡ ಕಲಾವಿದನ ಕೆಲಸವೆಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ.

ಹದಿನೈದನೆಯದಕ್ಕೆ ಬ್ಯಾಡ್ ಬೇಬಿ ಎಂದು ಹೆಸರು. ಉದ್ದದಲ್ಲಿ ಚಿಕ್ಕದು, ಗ್ರೀನ್ ಪುಟ್ಟದು, ಸುತ್ತ ಎಲ್ಲ ಕಡೆ ಜಾರು. ಸರೋವರದ ಅಂಚಿನಲ್ಲಿ ಆಡುವ ಹೋಲ್‌ಗಳು ಇದರ ಹಿಂದೆಮುಂದೆಯೇ ಬರುತ್ತವೆ. ಹಿಮನದಿಗಳು ಅರೆದ ಕಲ್ಲಿನ ಪುಡಿ ಇಲ್ಲಿನ ಕೆರೆಗಳಿಗೆ ಕೊಡುವ ಹಸಿರುನೀಲಿ ಬಣ್ಣವನ್ನು ವರ್ಣಿಸಿದವರು ಬೇಕಾದಷ್ಟಿದ್ದಾರೆ. ನಾನು ಮುಂದೆ ಹೋಗುತ್ತೇನೆ.

ಜಾಸ್ಪರ್ ಗೆದ್ದಿತು. ಎಷ್ಟು ಗೆದ್ದಿತೆಂದರೆ ಎದುರಾಳಿ ಕೆನೆಡಿಯನ್ ಪೆಸಿಫಿಕ್ ಕಂಪನಿ ಇದೇ ಥಾಂಪ್ಸನ್ ಅವರನ್ನು ಕರೆಸಿ ಬ್ಯಾನ್ಫ್ ಮೈದಾನವನ್ನು ಹೊಸದಾಗಿ ಮಾಡಿಸಿತು. ಅದು 1928ರಲ್ಲಿ ತೆರೆಯಿತು. ಮುಂದೆ ಪ್ರಪಂಚದ ತುಂಬ ಮೈದಾನಗಳನ್ನು ಮಾಡಿದ ರಾಬರ್ಟ್ ಟ್ರೆಂಟ್ ಜೋನ್ಸ್ ಕಸುಬು ಆರಂಭಿಸಿದ್ದು ಥಾಂಪ್ಸನ್ ಅವರ ಪಾಲುದಾರನಾಗಿ. 1947ರಲ್ಲಿ ಅಮೆರಿಕದ ಗಾಲ್ಫ್ ವಾಸ್ತುಶಿಲ್ಪಿಗಳು ತಮ್ಮದೊಂದು ಸಂಘ ಕಟ್ಟಿದಾಗ ಸ್ಥಾಪಕರಲ್ಲಿ ಥಾಂಪ್ಸನ್ ಕೂಡ ಇದ್ದರು. 1953ರಲ್ಲಿ ತೀರಿಕೊಂಡರು. ಮಧ್ಯದ ದಶಕಗಳಲ್ಲಿ ಸವೆದು ಆಕಾರ ಕೆಟ್ಟಿದ್ದ ಜಾಸ್ಪರ್‌ನ ಬಂಕರ್‌ಗಳನ್ನು 1994ರಲ್ಲಿ ಅವರ ಮೂಲ ನಕ್ಷೆಗಳನ್ನು ಹರವಿಕೊಂಡು ಮತ್ತೆ ಮೊದಲಿನಂತೆ ಮಾಡಿದರು. ಆ ಕೆಲಸ ಮಾಡಿಸಿದವರಿಗೆ ಕೃತಜ್ಞತೆ ಸಲ್ಲಬೇಕು. ಕೈಗೆ ಬಂದ ಹಳೆಯದನ್ನು ಹೊಸ ರುಚಿಗೆ ತಕ್ಕಂತೆ ತಿದ್ದಿಬಿಡುವುದು ಎಲ್ಲರಿಗೂ ಸುಲಭ.

ಬಂದುಹೋದವರ ಪಟ್ಟಿ ಉದ್ದವಿದೆ. 1939ರಲ್ಲಿ ದೊರೆ ಆರನೆಯ ಜಾರ್ಜ್ ಮತ್ತು ರಾಣಿ ಎಲಿಜಬೆತ್ ಇಲ್ಲಿ ತಂಗಿದ್ದರು. ಗಾಯಕ ಬಿಂಗ್ ಕ್ರಾಸ್ಬಿ 1947ರಲ್ಲಿ ಇಲ್ಲಿನ ಟೋಟೆಮ್ ಪೋಲ್ ಪಂದ್ಯಾವಳಿ ಗೆದ್ದರು. 1953ರಲ್ಲಿ ಮೆರಿಲಿನ್ ಮನ್ರೋ ಚಿತ್ರೀಕರಣಕ್ಕೆ ಬಂದರು. ಇವರಿಗಿಂತ ನನಗೆ ಹೆಚ್ಚು ಕುತೂಹಲ ಹುಟ್ಟಿಸಿದವರು 1944ರ ಚಳಿಗಾಲದಲ್ಲಿ ಬಂದ ಲೊವಾಟ್ ಸ್ಕೌಟ್ಸ್ ಎಂಬ ಸ್ಕಾಟಿಷ್ ಸೈನಿಕರು. ಯುದ್ಧದ ಕಾರಣ ಮುಚ್ಚಿದ್ದ ಲಾಜ್‌ನಲ್ಲಿ ಉಳಿದು, ಸುತ್ತಲಿನ ಹಿಮಬೆಟ್ಟಗಳಲ್ಲಿ ಸ್ಕೀ ಕಲಿತು, ಯುರೋಪಿನ ರಣರಂಗಕ್ಕೆ ಹಿಂದಿರುಗಿದರು. ಗಾಲ್ಫ್ ಹುಟ್ಟಿದ ನಾಡಿನ ಹುಡುಗರು ಈ ಮೈದಾನವನ್ನು ಕಂಡದ್ದು ಹಿಮದ ಅಡಿಯಲ್ಲಿ. ಮರದ ದಿಮ್ಮಿಗಳ ಹಳೆಯ ಮುಖ್ಯ ಕಟ್ಟಡ 1952ರಲ್ಲಿ ಬೆಂಕಿಗೆ ಆಹುತಿಯಾಯಿತು. ಈಗಿರುವುದು ಅದರ ಮರುವರ್ಷ ಎದ್ದದ್ದು.

ಇಲ್ಲಿ ಆಡುವವರೆಲ್ಲ ಮರೆಯದೆ ಹೇಳುವ ಇನ್ನೊಂದು ಸಂಗತಿ ಎಲ್ಕ್. ನಮ್ಮ ಕಡವೆಗಿಂತ ದೊಡ್ಡ ಮೈಯ ಜಿಂಕೆ ಅದು. ಹಿಂಡು ಬಂದು ಫೇರ್‌ವೇ ಮೇಲೆ ಮಲಗಿದರೆ ಆಟ ಕಾಯಬೇಕು. ಸೆಪ್ಟೆಂಬರ್‌ನಲ್ಲಿ ಬೆದೆಗೆ ಬಂದ ಗಂಡಿನ ಹತ್ತಿರ ಸುಳಿಯಲೇಬಾರದು. ಚೆಂಡು ಅದರ ಕಾಲಬಳಿ ಬಿದ್ದಿದ್ದರೆ ಅಲ್ಲೇ ಬಿಟ್ಟುಬಿಡುವುದು ಕ್ಷೇಮ. ನೋಡಿದವರು ಇವು ಅನಾದಿಯಿಂದ ಇಲ್ಲೇ ಮೇಯುತ್ತಿವೆ ಎಂದುಕೊಳ್ಳುತ್ತಾರೆ. ಆದರೆ ಈ ಕಣಿವೆಯಲ್ಲಿ ಎಲ್ಕ್ ಹೆಚ್ಚುಕಡಿಮೆ ಇಲ್ಲವಾಗಿತ್ತು. 1920ರಲ್ಲಿ ಅಮೆರಿಕದ ಯೆಲ್ಲೋಸ್ಟೋನ್‌ನಿಂದ 88 ಪ್ರಾಣಿಗಳನ್ನು ರೈಲಿನಲ್ಲಿ ತಂದು ಬಿಟ್ಟರು. ಫೇರ್‌ವೇಯ ಮಣ್ಣು ಹೇಗೆ ಬಂತೋ ಅದರ ಮೇಲೆ ಮೇಯುವ ಎಲ್ಕ್ ಕೂಡ ಹಾಗೆಯೇ ಬಂತು.

ಹಾಗಾದರೆ ಮುಂಚೆ ಇಲ್ಲಿ ಇದ್ದವರು ಯಾರು? ಈ ಪ್ರಶ್ನೆಗಾಗಿಯೇ ನಾನು ಈ ಲೇಖನ ಬರೆಯಲು ಒಪ್ಪಿದ್ದು.

ಅಥಬಾಸ್ಕ ನದಿಯ ಈ ಕಣಿವೆಯಲ್ಲಿ ತುಪ್ಪಳದ ವ್ಯಾಪಾರ ನಡೆಯುತ್ತಿತ್ತು. ಜಾಸ್ಪರ್ ಹಾವ್ಸ್ ಎಂಬ ಗುಮಾಸ್ತ ನೋಡಿಕೊಂಡಿದ್ದ ವ್ಯಾಪಾರದ ಠಾಣೆಯಿಂದ ಊರಿಗೆ ಈ ಹೆಸರು. 1850ರ ದಶಕದಲ್ಲಿ ಅದೇ ಠಾಣೆಯ ಉಸ್ತುವಾರಿಯಲ್ಲಿದ್ದವರು ಹೆನ್ರಿ ಮೋಬರ್ಲಿ. ಅವರಿಗೂ ಇಲ್ಲಿನ ಸುಝಾನ್ ಕರಕುಂಟಿಗೂ ಹುಟ್ಟಿದ ಮಕ್ಕಳು ಯೂವಾನ್ ಮತ್ತು ಜಾನ್. ಯುರೋಪಿನ ವ್ಯಾಪಾರಿಗಳಿಗೂ ಮೂಲನಿವಾಸಿ ಹೆಂಗಸರಿಗೂ ಹುಟ್ಟಿ ತಮ್ಮದೇ ಒಂದು ಜನವಾಗಿ ಬೆಳೆದ ಮೇಟೀ ಸಮುದಾಯದವರು ಇವರು. ಮೋಬರ್ಲಿಗಳೂ ಅವರ ಬಂಧುಬಳಗದ ಮನೆತನಗಳೂ ಕಣಿವೆಯಲ್ಲಿ ಮನೆ ಕಟ್ಟಿ, ಕುದುರೆ ದನ ಸಾಕಿ, ಹೊಲ ಮಾಡಿ, ಬೇಟೆಯಾಡಿ ಬದುಕಿದ್ದರು. 1907ರಲ್ಲಿ ಸರ್ಕಾರ ಇದನ್ನು ಜಾಸ್ಪರ್ ಅರಣ್ಯ ಉದ್ಯಾನ ಎಂದು ಘೋಷಿಸಿತು. ಬೇಟೆ ನಿಷೇಧವಾಯಿತು, ಬಂದೂಕುಗಳಿಗೆ ಮೊಹರು ಬಿತ್ತು. ಕಟ್ಟಿದ ಮನೆ, ಮಾಡಿದ ಹೊಲಕ್ಕೆ ಒಂದಿಷ್ಟು ಪರಿಹಾರ ಕೊಟ್ಟು 1910ರ ಹೊತ್ತಿಗೆ ಅವರನ್ನು ಕಳಿಸಿಬಿಟ್ಟರು. ಲೂಯಿಸ್ ಸ್ವಿಫ್ಟ್ ಎಂಬ ಬಿಳಿಯ ವಲಸಿಗ ಮಾತ್ರ ತನ್ನ ಜಾಗಕ್ಕೆ ಹಕ್ಕುಪತ್ರ ಮಾಡಿಸಿಕೊಂಡು ಉಳಿದರು. ಹೊರಟವರಲ್ಲಿ ಅನೇಕರು ಉತ್ತರಕ್ಕೆ, ಗ್ರ್ಯಾಂಡ್ ಕ್ಯಾಶ್ ಕಡೆಗೆ ಹೋದರು. ಇದು ಮೈದಾನ ತೆರೆಯುವುದಕ್ಕೆ ಕೇವಲ ಹದಿನೈದು ವರ್ಷ ಮುಂಚಿನ ಮಾತು. 

ಈ ಕುಟುಂಬಗಳು ಹೋದಾಗ ಅವರ ಜೊತೆ ಒಂದು ಕೆಲಸವೂ ಹೋಯಿತು. ಅವರು ವಸಂತದ ಆರಂಭದಲ್ಲಿ, ನೆಲ ಇನ್ನೂ ಹಸಿಯಿರುವಾಗ, ಒಣಹುಲ್ಲಿಗೆ ಸಣ್ಣ ಬೆಂಕಿ ಇಡುತ್ತಿದ್ದರು. ಹುಲ್ಲುಗಾವಲು ತೆರೆದಿರುತ್ತಿತ್ತು, ಕುದುರೆಗಳಿಗೆ ಹೊಸ ಹುಲ್ಲು ಸಿಗುತ್ತಿತ್ತು, ಕಾಡಿನಲ್ಲಿ ಸೌದೆ ರಾಶಿಬೀಳುತ್ತಿರಲಿಲ್ಲ. ಉದ್ಯಾನದ ಅಧಿಕಾರಿಗಳಿಗೆ ಬೆಂಕಿ ಎಂದರೆ ಶತ್ರು. ಮುಂದಿನ ದಶಕಗಳಲ್ಲಿ ಕಂಡ ಬೆಂಕಿಯನ್ನೆಲ್ಲ ಆರಿಸಿದರು. ಬಿಳಿಗಿರಿರಂಗನ ಬೆಟ್ಟದ ಸೋಲಿಗರನ್ನು ಬಲ್ಲವರಿಗೆ ಈ ಕಥೆ ಹೊಸದಲ್ಲ. ಸೋಲಿಗರು ಬೇಸಿಗೆ ಏರುವ ಮುಂಚೆ ಇಡುತ್ತಿದ್ದ ತರಗು ಬೆಂಕಿಯನ್ನು 1974ರಲ್ಲಿ ಅಭಯಾರಣ್ಯವಾದ ಮೇಲೆ ಅರಣ್ಯ ಇಲಾಖೆ ನಿಲ್ಲಿಸಿತು. ಲಂಟಾನ ಕಾಡನ್ನೆಲ್ಲ ಹಬ್ಬಿತು, ನೆಲ್ಲಿ ಮರಗಳಿಗೆ ಉಪ್ಪಿಲು ಎಂಬ ಬಂದಳಿಕೆ ಹತ್ತಿತು, ತರಗು ಬೆಂಕಿ ಇದ್ದಿದ್ದರೆ ಹೀಗಾಗುತ್ತಿರಲಿಲ್ಲವೆಂದು ಸೋಲಿಗರು ಹೇಳುತ್ತಲೇ ಬಂದರು. ಸೋಲಿಗರಿಗೆ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶದೊಳಗೇ ಸಮುದಾಯದ ಅರಣ್ಯ ಹಕ್ಕು ಸಿಕ್ಕಿತು. ಮೋಬರ್ಲಿಗಳಿಗೆ ಹಿಂದಿರುಗುವ ದಾರಿ ಸಿಗಲಿಲ್ಲ.

ಕಾಡು ಬದಲಾದದ್ದಕ್ಕೆ ಕಣ್ಣಾರೆ ನೋಡಬಹುದಾದ ಸಾಕ್ಷಿಯಿದೆ. 1915ರಲ್ಲಿ ಮಾರಿಸನ್ ಬ್ರಿಜ್‌ಲ್ಯಾಂಡ್ ಎಂಬ ಭೂಮಾಪಕರು ನಕ್ಷೆ ತಯಾರಿಸಲು ಜಾಸ್ಪರ್‌ನ ಶಿಖರಗಳನ್ನು ಏರಿ, ಭಾರದ ಗಾಜಿನ ಫಲಕಗಳನ್ನು ಹೊರಿಸಿಕೊಂಡು, 735 ಫೋಟೋ ತೆಗೆದರು. 1990ರ ದಶಕದ ಕೊನೆಯಲ್ಲಿ ಆಲ್ಬರ್ಟಾ ವಿಶ್ವವಿದ್ಯಾಲಯದ ಸಂಶೋಧಕರು ಅದೇ ಜಾಗಗಳಲ್ಲಿ ನಿಂತು ಮತ್ತೆ ತೆಗೆದರು. ಜೋಡಿ ಚಿತ್ರಗಳನ್ನು ಪಕ್ಕಪಕ್ಕ ಇಟ್ಟರೆ ಬೇರೆ ವಿವರಣೆ ಬೇಕಿಲ್ಲ. ಹಳೆಯದರಲ್ಲಿ ಬಯಲು, ಹುಲ್ಲು, ಅಲ್ಲಲ್ಲಿ ಎಳೆಯ ಮರ, ಹಳೆಯ ಬೆಂಕಿಯ ಗುರುತು. ಹೊಸದರಲ್ಲಿ ಕಣಿವೆಯಿಂದ ಬೆಟ್ಟದ ಅರ್ಧದವರೆಗೆ ಬಿಡುವಿಲ್ಲದ ಒಂದೇ ವಯಸ್ಸಿನ ಕಾಡು. ಥಾಂಪ್ಸನ್ ಟೀ ಮೇಲೆ ನಿಂತು ಆಯ್ದುಕೊಂಡ ನೋಟ ಆ ಹಳೆಯ ಚಿತ್ರಗಳ ಕಾಲದ್ದು. ಅವರು ಬೆಟ್ಟಗಳಿಗೆ ಗುರಿ ಹಿಡಿಯಲು ಸಾಧ್ಯವಾದದ್ದರಲ್ಲಿ ಆ ನೆಲವನ್ನು ತೆರೆದಿಟ್ಟವರ ಪಾಲೂ ಇತ್ತು ಎಂದೇ ನನ್ನ ನಂಬಿಕೆ. ಮೈದಾನದ ಮೊದಲ ಶಿಲ್ಪಿಗಳೆಂದು ಅವರನ್ನೂ ಸೇರಿಸದಿದ್ದರೆ ಈ ಚರಿತ್ರೆ ಅರೆಬರೆ.

ದಟ್ಟವಾದ ಕಾಡಿಗೆ ಪೈನ್ ದುಂಬಿಗಳು ಬಿದ್ದವು. ಬೆಟ್ಟದ ಮೈಯಲ್ಲಿ ಕೆಂಪಗೆ ಒಣಗಿ ನಿಂತ ಮರಗಳನ್ನು ಆಟಗಾರರೆಲ್ಲ ಕಂಡಿದ್ದಾರೆ. 2024ರ ಜುಲೈ 22ರಂದು ಕಾಳ್ಗಿಚ್ಚು ಹೊತ್ತಿಕೊಂಡಿತು. ಊರಿನವರೂ ಪ್ರವಾಸಿಗರೂ ಸೇರಿ ಸುಮಾರು 25,000 ಜನರನ್ನು ರಾತ್ರೋರಾತ್ರಿ ಹೊರಡಿಸಿದರು. ಎರಡು ದಿನದಲ್ಲಿ ಬೆಂಕಿ ಊರಿಗೆ ಬಂತು. ಜಾಸ್ಪರ್ ಪಟ್ಟಣದ ಸುಮಾರು ಮೂರರಲ್ಲಿ ಒಂದು ಪಾಲು ಕಟ್ಟಡಗಳು ಉರಿದುಹೋದವು. ಲಾಜ್ ಆವರಣಕ್ಕೂ ಹಾನಿಯಾಯಿತು, ಮುಖ್ಯ ಕಟ್ಟಡ ಉಳಿಯಿತು. ಮೈದಾನದ ಹಸಿರು ಈಗಲೂ ಹಸಿರೇ. ಅದರಾಚೆ ಎಷ್ಟೋ ಇಳಿಜಾರುಗಳು ಕರಿಕಂಬಗಳ ಸಾಲಾಗಿವೆ. ನೂರು ವರ್ಷ ತುಂಬಿದ 2025 ಬಂದದ್ದು ಇಂಥ ಹೊತ್ತಿನಲ್ಲಿ. ಊರಿನವರು ಆಗಿನ್ನೂ ಮನೆ ಕಟ್ಟಿಕೊಳ್ಳುತ್ತಿದ್ದರು. ಹೋಟೆಲಿನಲ್ಲಿ, ಮೈದಾನದಲ್ಲಿ ದುಡಿಯುವವರು ಬಾಡಿಗೆ ಕೋಣೆಗೆ ಪರದಾಡುತ್ತಿದ್ದರು. ಶತಮಾನೋತ್ಸವದ ಸಂತೋಷದ ಜೊತೆ ಅವರ ಪಾಡನ್ನೂ ಈ ಪುಟಗಳಲ್ಲಿ ದಾಖಲಿಸುವುದು ನಮ್ಮ ಕರ್ತವ್ಯ.

ಆಡಲು ಹೋಗುವ ಕನ್ನಡಿಗರಿಗೆ, ಮುಖ್ಯವಾಗಿ ಎಡ್ಮಂಟನ್, ಕ್ಯಾಲ್ಗರಿಗಳಲ್ಲಿ ನೆಲೆಸಿದವರಿಗೆ, ಒಂದು ಕೋರಿಕೆ. ಮೈದಾನ ಮೇ ತಿಂಗಳಿಂದ ಅಕ್ಟೋಬರ್ ನಡುವಿನವರೆಗೆ ತೆರೆದಿರುತ್ತದೆ. ಜೂನ್‌ನಲ್ಲಾದರೆ ರಾತ್ರಿ ಹತ್ತರವರೆಗೂ ಬೆಳಕಿರುವುದರಿಂದ ಮಧ್ಯಾಹ್ನ ಬೇರೆ ಕಡೆ ಕಳೆದು ಸಂಜೆ ಆಡಬಹುದು. ಆ ಮಧ್ಯಾಹ್ನವನ್ನು ಸೆಲೆಸ್ಟೀನ್ ಕೆರೆಯ ರಸ್ತೆಗೆ ಕೊಡಿ. ಊರಿನಿಂದ ಪೂರ್ವದ ಹೆದ್ದಾರಿಯಲ್ಲಿ ಹೋಗಿ ಈ ಕಿರಿದಾದ ಮಣ್ಣುದಾರಿಗೆ ತಿರುಗಬೇಕು. ಹೊರಡುವ ಮುಂಚೆ ದಾರಿ ತೆರೆದಿದೆಯೇ ಎಂದು ಉದ್ಯಾನದ ಕಚೇರಿಯಲ್ಲಿ ಕೇಳಿಕೊಳ್ಳಿ. ಯೂವಾನ್ ಮೋಬರ್ಲಿ ಕಟ್ಟಿದ ಮರದ ಮನೆ ಆ ದಾರಿಯ ಬದಿಯ ಹುಲ್ಲುಬಯಲಿನಲ್ಲಿದೆ, ಅವರ ತಾಯಿ ಸುಝಾನ್ ಅವರ ಸಮಾಧಿಯೂ ಅದೇ ಕಡೆ ಇದೆ.